ದೊನ್ ಪ್ಲಾಚಿದೊಗೆ ಒಂದು ಕಾಫಿ

ನಾನು "ಮುಟ್ಟಬೇಡಿ" ಅನ್ನುವಷ್ಟರಲ್ಲಿ ಆಕೆ ಕರ್ಚೀಫು ತೆಗೆದು ಬುರುಡೆಯ ಹಣೆ ಒರೆಸಿಯಾಗಿತ್ತು.

ಕಾಟಾಚಾರಕ್ಕೆ ಒರೆಸಿದ್ದಲ್ಲ. ಕರ್ಚೀಫಿನ ತುದಿಗೆ ಎರಡು ಹನಿ ಕೊಲೋನ್ ಹಾಕಿಕೊಂಡು ಹಣೆ, ಕಣ್ಣಿನ ಗುಳಿ, ಕೆನ್ನೆಯ ಮೂಳೆ ಎಲ್ಲವನ್ನೂ ಸ್ಕೂಲಿಗೆ ಹೊರಟ ಮಗುವಿನ ಮುಖ ಒರೆಸುವ ಹಾಗೆ ಒರೆಸಿದ್ದರು. ಅರವತ್ತೈದು ದಾಟಿದ ಹೆಂಗಸು. ಬೂದು ಕೋಟು, ನೆಟ್ಟಗಿನ ಬೆನ್ನು. ನನ್ನ ಜೊತೆಗಿದ್ದ ಪ್ರವಾಸಿಗರ ಗುಂಪು ಗವಿಯ ಇನ್ನೊಂದು ತುದಿಯಲ್ಲಿ ಫೋಟೊ ತೆಗೆಯುತ್ತಿತ್ತು.

"ಮೇಡಂ, ಕೈ ತೆಗೀರಿ ಅಂದೆ."

"ಒರೆಸ್ತಿದಾಳೆ ಅಷ್ಟೇ, ಕದೀತಿಲ್ಲ," ಎಂದು ಪಕ್ಕದಿಂದ ಇನ್ನೊಂದು ದನಿ ಬಂತು.

ತಿರುಗಿ ನೋಡಿದೆ. ಮಗಳಿರಬೇಕು. ಅದೇ ನೆಟ್ಟಗಿನ ಬೆನ್ನು, ಆದರೆ ಕಣ್ಣಿನಲ್ಲಿ ತುಂಟತನವಿತ್ತು. ಒಂದು ಹುಬ್ಬು ಮೇಲಕ್ಕೇರಿತ್ತು, ಇನ್ನೊಂದು ಇದ್ದಲ್ಲೇ ಇತ್ತು. ಆ ಒಂದು ಹುಬ್ಬು ಇಳಿಯುವುದನ್ನೇ ಕಾಯುತ್ತಾ ನಾನು ಹೇಳಬೇಕಾದ್ದನ್ನು ಮರೆತೆ.

"ಇಷ್ಟು ಧೂಳು ಕೂತಿದ್ರೆ ಯಾರಿಗಾದ್ರೂ ಒರೆಸೋಣ ಅನ್ಸುತ್ತೆ," ಎಂದಳು. "ನಿಮ್ಮನೇದಾ ಇದು?"

ಹೌದು, ನಮ್ಮನೆಯದೇ. ಅದನ್ನು ಅವಳಿಗೆ ಹೇಗೆ ಹೇಳುವುದು ಎಂದು ತಿಳಿಯಲಿಲ್ಲ.

ನಾನು ಅನಿಯೆಲ್ಲೊ. ನೇಪಲ್ಸಿನ ಸಾನಿತಾ ಬಡಾವಣೆಯಲ್ಲಿ ಹುಟ್ಟಿ, ಮೂವತ್ತೆಂಟು ವರ್ಷ ಅಲ್ಲೇ ಕಳೆದು, ಈಗ ಈ ಗವಿಯ ಗೈಡಾಗಿರುವವನು. ಹಿಂದೆ ಪ್ಲೇಗಿನಲ್ಲಿ, ಬರಗಾಲದಲ್ಲಿ ಸತ್ತವರನ್ನು ಹೆಸರು ದಿಕ್ಕು ಕೇಳದೆ ಇಲ್ಲಿ ತಂದು ಸುರಿದರು. ಬುರುಡೆಗಳು ಸಾಲುಸಾಲಾಗಿವೆ. ನಮ್ಮ ಹೆಂಗಸರು ಅವುಗಳಲ್ಲಿ ಒಂದನ್ನು ತಮ್ಮದೆಂದುಕೊಂಡು ಪೆಟ್ಟಿಗೆಯಲ್ಲಿಟ್ಟು, ಪ್ರತಿ ಸೋಮವಾರ ಬಂದು ಒರೆಸಿ, ದೀಪ ಹಚ್ಚಿ, ಆ ಜೀವ ತಣ್ಣಗಿರಲಿ ಎಂದು ಪ್ರಾರ್ಥಿಸುತ್ತಾರೆ. ಅದು ಕನಸಿನಲ್ಲಿ ಬಂದು ತನ್ನ ಹೆಸರು ಹೇಳುತ್ತದೆ. ಆಮೇಲೆ ಇವರು ತಮಗೆ ಬೇಕಾದ್ದನ್ನು ಕೇಳಿಕೊಳ್ಳುತ್ತಾರೆ. ಇದೆಲ್ಲ ಮಾಡಕೂಡದು ಎಂದು ಚರ್ಚಿನವರು ಎಷ್ಟೋ ವರ್ಷಗಳ ಹಿಂದೆಯೇ ಹೇಳಿದರು. ಹೆಂಗಸರು ಆಗಲಿ ಸ್ವಾಮಿ ಎಂದು ತಲೆಯಾಡಿಸಿ, ಮುಂದಿನ ಸೋಮವಾರ ಎಂದಿನಂತೆ ಬಂದರು.

ಆಕೆ ಒರೆಸಿದ ಬುರುಡೆಯಿದ್ದ ಪೆಟ್ಟಿಗೆ ನನ್ನ ಅಮ್ಮ ನುನ್ಸಿಯಾಳದು. ಅವಳ ಕನಸಿನಲ್ಲಿ ಬಂದವನ ಹೆಸರು ದೊನ್ ಪ್ಲಾಚಿದೊ, ಅಂದರೆ ಪ್ಲಾಚಿದೊ ಸಾಹೇಬರು. ಅಮ್ಮ ಹೋದ ಡಿಸೆಂಬರಿನಲ್ಲಿ ತೀರಿಕೊಂಡಳು. ಅಲ್ಲಿಂದೀಚೆ ನಾನು ಆ ಪೆಟ್ಟಿಗೆಯ ಸುತ್ತ ಗುಡಿಸುತ್ತೇನೆ, ಪೆಟ್ಟಿಗೆ ಮುಟ್ಟುವುದಿಲ್ಲ.

"ಆಯ್ತಲ್ಲ," ಎಂದರು ಇಮ್ಮಾ ಅಜ್ಜಿ. ಎಂಬತ್ತರ ಈ ಅಜ್ಜಿ ಪ್ರತಿ ಸೋಮವಾರ ಸ್ವಂತ ಸ್ಟೂಲು ಹೊತ್ತು ತಂದು ತನ್ನ ಬುರುಡೆಯ ಮುಂದೆ ಕೂರುವವರು. ಈಗ ಸ್ಟೂಲನ್ನೇ ನಮ್ಮ ಕಡೆ ತಿರುಗಿಸಿಕೊಂಡರು. "ಸ್ವಂತ ಕರ್ಚೀಫಲ್ಲಿ ಮುಖ ಒರೆಸಿದ್ಮೇಲೆ ಮುಗೀತು. ಇನ್ನು ಅವನು ನಿಮ್ಮೋನು."

"ಯಾರು ನಮ್ಮೋರು?" ಎಂದು ಕೇಳಿದರು ಆಕೆ.

"ದೊನ್ ಪ್ಲಾಚಿದೊ. ಈ ಮಹಾಶಯನ ಅಮ್ಮ ಮೂವತ್ತು ವರ್ಷ ನೋಡ್ಕೊಂಡ್ಲು. ಅವಳು ಹೋದ್ಮೇಲೆ ಇವನು ತಿರುಗಿ ನೋಡಿಲ್ಲ. ಪಾಪ, ಹನ್ನೊಂದು ತಿಂಗಳು ಧೂಳು ತಿನ್ಕೊಂಡು ಕೂತಿದ್ದ. ನೋಡಿ, ಮುಂದಿನ ಸೋಮವಾರ ಬಂದು ತಲೆ ಮೇಲೆ ಕೈ ಇಟ್ಟು, ಏನು ಬೇಕೋ ಬಾಯಿಬಿಟ್ಟು ಕೇಳ್ಬೇಕು. ಹಣೆ ಬೆವರಿದ್ರೆ ಒಪ್ಪಿದ ಅಂತ. ಒಣಗಿದ್ರೆ ಇಲ್ಲ ಅಂತ. ಆಮೇಲೆ ನೀವು ಊರಿಗೆ ಹೋಗ್ಬಹುದು."

"ನಮ್ಮ ಟ್ರೈನು ಗುರುವಾರ," ಎಂದಳು ಮಗಳು.

"ಹೋಗಿ. ಯಾರು ಬೇಡ ಅಂದ್ರು?"

"ಹಾಗೇ ಹೋದ್ರೆ ಏನಾಗುತ್ತೆ?" ಎಂದರು ತಾಯಿ.

"ಏನೂ ಆಗಲ್ಲ," ಎಂದರು ಇಮ್ಮಾ ಅಜ್ಜಿ, ಜಪಮಣಿ ಎಣಿಸುತ್ತಾ. "ಜೊತೇಲಿ ಬರ್ತಾನೆ, ಅಷ್ಟೇ."

ಮಗಳು ನಕ್ಕಳು. ಗವಿ ಆ ನಗುವನ್ನು ಒಂದು ಕ್ಷಣ ಇಟ್ಟುಕೊಂಡು ತಡವಾಗಿ ಹಿಂದಿರುಗಿಸಿತು. ಅವಳು ತಲೆ ವಾಲಿಸಿ ಅದನ್ನು ಕೇಳಿಸಿಕೊಂಡಳು. "ಅಮ್ಮಾ, ಇಲ್ಲಿ ನನ್ನ ದನಿ ಅರ್ಧ ಸ್ವರ ಕೆಳಗಿಳಿದು ವಾಪಸ್ ಬರ್ತಿದೆ. ವಿಚಿತ್ರ ಅಲ್ವಾ?"

ಅವಳು ಪಿಯಾನೋಗಳ ಶ್ರುತಿ ಸರಿಮಾಡುವವಳು. ಹೆಸರು ಅಲಿಡಾ. ತಾಯಿ ಫುಲ್ವಿಯಾ, ನಿವೃತ್ತ ಔಷಧಿ ಅಂಗಡಿಯವರು. ದೇಶದ ಈಶಾನ್ಯ ತುದಿಯ ತ್ರಿಯೆಸ್ತೆಯಿಂದ ಬಂದಿದ್ದರು. ಎರಡು ವರ್ಷದ ಹಿಂದೆ ಒಂದು ನವೆಂಬರಿನಲ್ಲಿ ಫುಲ್ವಿಯಾ ಅವರ ಗಂಡ ಹೋದರಂತೆ. ಆ ತಿಂಗಳು ಮನೆಯಲ್ಲಿರಲಾಗದೆ ತಾಯಿ ಮಗಳು ಯಾವುದಾದರೂ ಹಳೆಯ ಊರು ನೋಡಲು ಹೊರಡುತ್ತಾರೆ.

* * *

ಗದರಿದ್ದಕ್ಕೆ ಪ್ರಾಯಶ್ಚಿತ್ತವೆಂದು ಇಬ್ಬರನ್ನೂ ನಮ್ಮ ಬೀದಿಯ ಮಿಮ್ಮೊನ ಕಾಫಿ ಬಾರಿಗೆ ಕರೆದುಕೊಂಡು ಹೋದೆ. ಪ್ರಾಯಶ್ಚಿತ್ತ ಎನ್ನುವುದು ನೆಪ. ಆ ಹುಬ್ಬು ಇನ್ನೊಮ್ಮೆ ಏರುವುದನ್ನು ನೋಡಬೇಕಿತ್ತು.

ಮಿಮ್ಮೊ ಟ್ರೇ ತಂದು ಮೇಜಿನ ಮೇಲೆ ಕಪ್ಪುಗಳನ್ನಿಟ್ಟ. ಒಂದು, ಎರಡು, ಮೂರು, ನಾಲ್ಕು.

"ನಾವು ಮೂರು ಜನ ಕಣೋ," ಎಂದೆ.

"ನಿಮ್ಮ ಜೊತೆ ಬಂದ್ರಲ್ಲ, ಅವರಿಗೆ. ಬಾಗಿಲ ಹತ್ರ ಹ್ಯಾಟ್ ತೆಗೀತಾ ನಿಂತಿದ್ರು." ಮಿಮ್ಮೊ ಸುತ್ತ ನೋಡಿದ. "ಎಲ್ಲಿ ಹೋದ್ರು?"

ನಾನು ಬಾಗಿಲ ಕಡೆ ನೋಡಿದೆ. ಒದ್ದೆ ರಸ್ತೆ, ಒಣಹಾಕಿದ ಬಟ್ಟೆ, ಬಾಲ್ಕನಿಯಿಂದ ಹಗ್ಗದಲ್ಲಿ ಇಳಿಯುತ್ತಿದ್ದ ತರಕಾರಿ ಬುಟ್ಟಿ. ಬೇರೆ ಯಾರೂ ಇರಲಿಲ್ಲ. ನಾಲ್ಕನೆಯ ಕಪ್ಪು ಫುಲ್ವಿಯಾ ಮತ್ತು ಅಲಿಡಾರ ನಡುವೆ ಹಬೆಯಾಡುತ್ತಿತ್ತು.

"ನೇಪಲ್ಸಿನ ಗೈಡುಗಳೆಲ್ಲ ಹೀಗೇನಾ?" ಎಂದಳು ಅಲಿಡಾ. ಹುಬ್ಬು ಏರಿತು. "ಮೊದಲೇ ಮಾತಾಡ್ಕೊಂಡು ನಾಟಕ ಮಾಡ್ತೀರಾ?"

"ನಾಟಕ ಮಾಡೋದಾಗಿದ್ರೆ ಇನ್ನೂ ಚೆನ್ನಾಗಿರೋ ಭೂತ ತರ್ತಿದ್ದೆ."

"ಇದರಲ್ಲೇನು ಕಮ್ಮಿ? ಹ್ಯಾಟ್ ತೆಗೀತಾರಂತೆ. ನೀವು ತೆಗೆದ್ರಾ?"

ನಾನು ಟೋಪಿ ತೆಗೆದೆ. ಅವಳು ನಕ್ಕು ಸಕ್ಕರೆ ನನ್ನ ಕಡೆ ತಳ್ಳಿದಳು. ಆ ನಗುವಿನಲ್ಲಿ ನಾನು ನಾಲ್ಕನೆಯ ಕಪ್ಪನ್ನು ಮರೆತೆ. ಹೊರಡುವಾಗ ನೋಡಿದರೆ ಅದು ಖಾಲಿಯಾಗಿತ್ತು. ಫುಲ್ವಿಯಾ ಕುಡಿದಿರಬೇಕು ಅಂದುಕೊಂಡೆ. ಮಗಳು ಕುಡಿದಳು ಎಂದು ಅವರು ಅಂದುಕೊಂಡಿದ್ದರಂತೆ.

* * *

ಮಂಗಳವಾರ ಊರು ತೋರಿಸುತ್ತೇನೆಂದು, ಅವರು ಕರೆಯದಿದ್ದರೂ ಹೋದೆ. ಬುಧವಾರವೂ ಹೋದೆ.

ಕ್ರೈಸ್ತ ಸನ್ಯಾಸಿನಿಯರ ಹಳೆಯ ಮಠದ ಅಂಗಳದಲ್ಲಿ ಬಣ್ಣದ ಹೆಂಚು ಅಂಟಿಸಿದ ಕಂಬಗಳಿವೆ. ಜನ ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲಿಡಾ ಉಗುರಿನಿಂದ ಒಂದೊಂದೇ ಹೆಂಚು ತಟ್ಟಿ ಕಿವಿಗೊಟ್ಟಳು.

"ಇದು ಒಡೆದಿದೆ."

"ಎಲ್ಲಿ? ಚೆನ್ನಾಗೇ ಇದೆಯಲ್ಲ."

"ಒಳಗೆ. ಕಣ್ಣಿಗೆ ಕಾಣಲ್ಲ, ತಟ್ಟಿದ್ರೆ ಗೊತ್ತಾಗುತ್ತೆ." ಕೈ ಚಾಚಿ ನನ್ನ ಕೋಟಿನ ಗುಂಡಿಯನ್ನು ಎದೆಯ ಮೇಲೆ ಎರಡು ಸಲ ತಟ್ಟಿ ತಲೆ ವಾಲಿಸಿದಳು. "ಇದೂ."

ಮೂವತ್ತೆಂಟನೆಯ ವಯಸ್ಸಿನಲ್ಲಿ ಕೆನ್ನೆ ಕೆಂಪಾಗುವುದು ಒಳ್ಳೆಯ ಲಕ್ಷಣವಲ್ಲ. ನಾನು ನಿಂಬೆ ಮರ ನೋಡುವವನಂತೆ ಆ ಕಡೆ ತಿರುಗಿದೆ. ಎರಡು ದಿನದಲ್ಲಿ ನನಗೆ ಏನಾಗಿದೆಯೆಂದು ಗೊತ್ತಾಗಿಹೋಗಿತ್ತು. ನಾನು ಅವಳನ್ನು ಪ್ರೀತಿಸತೊಡಗಿದ್ದೆ.

ಬೆಟ್ಟದ ಮೇಲಕ್ಕೆ ಹಗ್ಗದಿಂದ ಎಳೆಯುವ ರೈಲಿನ ಗೇಟಿನಲ್ಲಿ ಕಾವಲಿನವನು "ನಾಲ್ಕು ಜನಾನೂ ಹಿಂದಿನ ಬೋಗಿಗೆ" ಎಂದ. ಬೋಗಿ ತುಂಬಿ ತುಳುಕುತ್ತಿತ್ತು. ಜನ ಒಬ್ಬರ ಮೇಲೊಬ್ಬರು ನೇತಾಡುತ್ತಿದ್ದರು. ಫುಲ್ವಿಯಾರ ಪಕ್ಕದ ಸೀಟು ಮಾತ್ರ ಕೊನೆಯ ನಿಲ್ದಾಣದವರೆಗೂ ಖಾಲಿಯಿತ್ತು. ಒಬ್ಬ ದಪ್ಪನೆಯ ಗಂಡಸು ಕೂರಲು ಬಂದವನು "ಕ್ಷಮಿಸಿ" ಎಂದು ಖಾಲಿ ಸೀಟಿಗೆ ಹೇಳಿ ದೂರ ಸರಿದ. ಆ ಸೀಟಿನ ಎದುರಿಗೆ ಅಲಿಡಾ ಕೂತಿದ್ದಳು.

ಬರುವ ದಾರಿಯಲ್ಲಿ, ದೊನ್ ಪ್ಲಾಚಿದೊ ಯಾಕೆ ನಮ್ಮ ಹಿಂದೆ ಬಿದ್ದಿದ್ದಾನೆ ಎಂದು ಇಮ್ಮಾ ಅಜ್ಜಿಯನ್ನು ಕೇಳಿದೆ. ಅವರು ಬಾಗಿಲಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದರು.

"ಹುಡುಗಿ ಮೇಲೆ ಮನಸ್ಸಾಗಿರ್ಬೇಕು ಕಣೋ," ಎಂದರು, ಮಳೆ ಬರಬಹುದು ಎಂದಷ್ಟೇ ಸಲೀಸಾಗಿ. "ಮದುವೆ ಆಗದೇ ಸತ್ತೋನು ಅಂತ ನಿಮ್ಮಮ್ಮ ಹೇಳ್ತಿದ್ಲು. ಅಂಥೋನು ಒಬ್ಬಳ ಪಕ್ಕ ಕೂತ ಅಂದ್ರೆ ಜೀವ ಇರೋ ಗಂಡಸು ಯಾವನೂ ಅಲ್ಲಿ ನಿಲ್ಲಕ್ಕಾಗಲ್ಲ. ಯಾಕೆ, ನಿಂಗೇನು?"

"ನಂಗೇನಿಲ್ಲ."

"ಏನಿಲ್ಲ ಅನ್ನೋನು ಶೇವ್ ಮಾಡ್ಕೊಂಡು ಬಂದಿದೀಯ."

ಸತ್ತು ನಾನೂರು ವರ್ಷವಾದವನ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಯಾರಿಗೂ ಬರಬಾರದು. ಅವನು ನನಗೆ ಹೊಸಬನೂ ಅಲ್ಲ. ನಾನು ಏಳು ವರ್ಷದವನಿದ್ದಾಗ ಅಪ್ಪ ಸತ್ತ. ಆಮೇಲೆ ಅಮ್ಮ ಅಡುಗೆಮನೆಯ ಮೇಜಿನ ಮೇಲೆ ದಿನಾ ಎರಡು ಕಾಫಿ ಕಪ್ಪು ಇಡುತ್ತಿದ್ದಳು. ಒಂದು ತನಗೆ, ನೀಲಿ ಅಂಚಿನದು ದೊನ್ ಪ್ಲಾಚಿದೊಗೆ. ಗೆಳೆಯರು ಬಂದಾಗ ನಾಚಿಕೆಯಿಂದ ಆ ಕಪ್ಪನ್ನು ಬಚ್ಚಿಡುತ್ತಿದ್ದೆ. "ಇನ್ನೊಂದು ಮದುವೆ ಮಾಡ್ಕೋಬಾರ್ದಾ ನುನ್ಸಿಯಾ, ಒಬ್ಬಳೇ ಇರ್ತೀಯಲ್ಲ" ಎಂದು ಯಾರಾದರೂ ಅಂದರೆ, "ನಾನೆಲ್ಲಿ ಒಬ್ಬಳು" ಎಂದು ಅಮ್ಮ ನಗುತ್ತಿದ್ದಳು. ಅವಳು ಹೋದ ಮೇಲೆ ಆ ಕಪ್ಪನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಬೀರುವಿನ ಮೇಲೆ, ಕೈಗೆ ಸಿಗದ ಹಾಗೆ ಇಟ್ಟಿದ್ದೆ.

* * *

ಬುಧವಾರ ಮಧ್ಯಾಹ್ನ ಸಮುದ್ರದ ಪಕ್ಕದ ಗೋಡೆಯ ಮೇಲೆ ಕೂತು ಮೆಣಸು ಹಾಕಿದ ಬಳೆಯಂಥ ಬಿಸ್ಕತ್ತು ತಿನ್ನುತ್ತಿದ್ದೆವು. ಫುಲ್ವಿಯಾ ಸ್ವಲ್ಪ ದೂರದ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ಅವರ ತುಟಿ ಅಲ್ಲಾಡುತ್ತಿತ್ತು.

"ನಿಮ್ಮಮ್ಮ ಯಾರ ಜೊತೆ ಮಾತಾಡ್ತಿದಾರೆ?"

"ಅವಳಷ್ಟಕ್ಕೇ. ರೇಡಿಯೋ ಇಲ್ದಿದ್ರೆ ಹಾಗೆ." ಅಲಿಡಾ ಬಿಸ್ಕತ್ತು ಮುರಿದು ಅರ್ಧ ನನಗೆ ಕೊಟ್ಟಳು. "ಅಪ್ಪ ಹೋದ್ಮೇಲೆ ಮನೇಲಿ ಮೂರು ರೂಮಲ್ಲೂ ರೇಡಿಯೋ ಹಾಕಿರ್ತಾಳೆ. ಮೊದಲ ವಾರ ಒಬ್ಬಳೇ ಬಿಟ್ಟು ಹೋಗಿದ್ದೆ. ವಾಪಸ್ ಬಂದಾಗ ಮೆಟ್ಟಿಲ ಮೇಲೆ ಕೂತಿದ್ಲು, ಕೋಟ್ ಹಾಕ್ಕೊಂಡು. ಒಳಗೆ ಒಂದು ಸದ್ದೂ ಇಲ್ಲ ಕಣೇ, ಅಂದ್ಲು. ಅವತ್ತೇ ಬೊಲೊನ್ಯದಲ್ಲಿದ್ದ ನನ್ನ ಮನೆ ಬಿಟ್ಟೆ. ಅಲ್ಲೊಬ್ಬ ಇದ್ದ, ಅವನನ್ನೂ ಬಿಟ್ಟೆ."

"ಅವರು ಕೇಳಿದ್ರಾ ಬಿಡು ಅಂತ?"

"ಯಾವತ್ತೂ ಕೇಳಲಿಲ್ಲ. ಅದಕ್ಕೇ ಬಿಟ್ಟೆ."

ಗಾಳಿಗೆ ಅವಳ ಕೂದಲು ಕೆನ್ನೆಗೆ ಅಂಟಿತು. ನಾನು ನೋಡುತ್ತಿದ್ದೆ. ನಾನು ನೋಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಕೂದಲನ್ನು ಸರಿಸಿಕೊಳ್ಳದೆ ಹಾಗೇ ಬಿಟ್ಟಳು.

"ಅಲಿಡಾ, ನಾನೊಂದು ಮಾತು..."

"ಬೇಡ." ನನ್ನ ತೋಳಿನ ಮೇಲೆ ಕೈಯಿಟ್ಟಳು. ಬೆರಳ ತುದಿ ಗಡುಸಾಗಿತ್ತು, ತಂತಿ ಎಳೆದೂ ಎಳೆದೂ. "ನೀವು ಹೇಳಿದ್ರೆ ನಾನು ಉತ್ತರ ಕೊಡ್ಬೇಕಾಗುತ್ತೆ. ಹೇಳ್ದೇ ಇದ್ರೆ ಟ್ರೈನ್ ಹತ್ತೋದು ಸುಲಭ."

ಬೆಂಚಿನ ಕಡೆಯಿಂದ ನಗು ಕೇಳಿಸಿತು. ಫುಲ್ವಿಯಾ ಯಾವುದೋ ಮಾತಿಗೆ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದರು. ಅಲಿಡಾಳ ಕೈ ನನ್ನ ತೋಳಿನ ಮೇಲೇ ನಿಂತಿತು.

"ಎರಡು ವರ್ಷ ಆಯ್ತು," ಎಂದಳು ಮೆಲ್ಲಗೆ. "ಅವಳು ಹಾಗೆ ನಕ್ಕು."

ಗುರುವಾರ ಬೆಳಿಗ್ಗೆ ಹೋಟೆಲಿಗೆ ಹೋದಾಗ ಫುಲ್ವಿಯಾ ಟಿಕೆಟ್ ಸೋಮವಾರಕ್ಕೆ ಬದಲಾಯಿಸಿಯಾಗಿತ್ತು. "ಒರೆಸಿದ್ದು ನಾನು. ಅರ್ಧಕ್ಕೆ ಬಿಟ್ಟು ಹೋಗೋದು ನನ್ನ ಸ್ವಭಾವ ಅಲ್ಲ. ನಲವತ್ತು ವರ್ಷ ಒಂದು ಗುಳಿಗೆ ತಪ್ಪಾಗಿ ಕೊಟ್ಟಿಲ್ಲ." ಮಗಳು ಅವರನ್ನೂ ನನ್ನನ್ನೂ ಅನುಮಾನದಿಂದ ನೋಡಿದಳು. ಕಣ್ಣು ಮಾತ್ರ ನಗುತ್ತಿತ್ತು.

* * *

ಭಾನುವಾರ ಅವರನ್ನು ಊಟಕ್ಕೆ ಕರೆದೆ. ಬೆಳಗಿನ ಆರಕ್ಕೇ ಒಲೆಯ ಮೇಲೆ ಟೊಮೆಟೊ ಮಾಂಸದ ಸಾರು ಇಟ್ಟಿದ್ದೆ. ಅದು ಆರು ಗಂಟೆ ಸಣ್ಣ ಉರಿಯಲ್ಲಿ ಗೊಣಗಬೇಕು. ಅಮ್ಮ ಹೋದ ಮೇಲೆ ಆ ಪಾತ್ರೆ ಒಲೆ ಕಂಡಿದ್ದು ಅವತ್ತೇ.

ವೈನ್ ತರಲು ಕೆಳಗಿಳಿದು ಐದೇ ನಿಮಿಷದಲ್ಲಿ ವಾಪಸ್ ಬಂದೆ. ಅಲಿಡಾ ಮುಂದಿನ ಕೋಣೆಯಲ್ಲಿ ನಿಂತುಹೋಗಿದ್ದ ಅಮ್ಮನ ಹಳೆಯ ಗಡಿಯಾರ ಬಿಚ್ಚಿ ಕೂತಿದ್ದಳು. ಅಡುಗೆಮನೆಯಲ್ಲಿ ಫುಲ್ವಿಯಾ ಮೇಜಿನ ಮುಂದೆ ಕೈ ಕಟ್ಟಿಕೊಂಡು ಕೂತಿದ್ದರು. ಅವರ ಮುಂದೆ ಎರಡು ಕಾಫಿ ಕಪ್ಪು. ಒಂದಕ್ಕೆ ನೀಲಿ ಅಂಚು.

ಬಾಟಲಿ ನನ್ನ ಕೈಯಿಂದ ಜಾರಲಿಲ್ಲ, ಅಷ್ಟೇ ಪುಣ್ಯ.

"ಈ ಕಪ್ಪು ಎಲ್ಲಿ ಸಿಕ್ತು ನಿಮಗೆ?"

"ಸಿಂಕಿನ ಪಕ್ಕ ಕವುಚಿಟ್ಟಿತ್ತು. ಈಗಷ್ಟೇ ತೊಳೆದ ಹಾಗೆ ನೀರು ಇಳೀತಿತ್ತು," ಎಂದರು ಫುಲ್ವಿಯಾ. "ಯಾಕೆ, ತೆಗೀಬಾರ್ದಿತ್ತಾ?"

ಕುರ್ಚಿ ಹತ್ತಿ ಬೀರುವಿನ ಮೇಲೆ ನೋಡಿದೆ. ಪೇಪರು ಸುತ್ತಿದ ಆಕಾರದಲ್ಲೇ ಇತ್ತು. ಗಂಟು ಬಿಚ್ಚಿರಲಿಲ್ಲ. ಒಳಗೆ ಕಪ್ಪಿರಲಿಲ್ಲ. ನಾನು ಕುರ್ಚಿಯಿಂದಿಳಿದು, ಏನೂ ಆಗದವನಂತೆ, ಮೂರು ಜನಕ್ಕೆ ಬಡಿಸಿದೆ. ಸಾರು ಮೇಜಿನ ಮೇಲೆ ಚೆಲ್ಲಿತು. ಅಲಿಡಾ ಒರೆಸುವ ನೆಪದಲ್ಲಿ ನನ್ನ ಬೆರಳು ಹಿಡಿದುಕೊಂಡಳು, ಬಿಡಲಿಲ್ಲ. ಅದೇ ಕ್ಷಣ ಗಡಿಯಾರ ಹನ್ನೊಂದು ತಿಂಗಳ ನಂತರ ಹೊಡೆಯಿತು. ನನಗೆ ಬೇರೇನೂ ತೋಚಲಿಲ್ಲ. ಅವನು ಇಲ್ಲಿದ್ದಾನೆ, ನನ್ನ ಮನೆಯಲ್ಲಿ, ನನ್ನ ಮೇಜಿನಲ್ಲಿ, ಈ ಕೈಯನ್ನು ನನ್ನಿಂದ ಬಿಡಿಸಲು ಬಂದಿದ್ದಾನೆ ಎಂದು ಮಾತ್ರ ಅನಿಸಿತು.

ಊಟದ ಹೊತ್ತಿನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಫುಲ್ವಿಯಾ ರೇಡಿಯೋ ಹಾಕಿ ಎನ್ನಲಿಲ್ಲ.

* * *

ಸೋಮವಾರ ಹತ್ತು ಗಂಟೆಗೆ ಗವಿ. ಫುಲ್ವಿಯಾ ಒಬ್ಬರೇ ಒಳಗೆ ಹೋದರು. ಹತ್ತು ನಿಮಿಷದ ಮೇಲೆ ಕರ್ಚೀಫಿನಲ್ಲಿ ಅಂಗೈ ಒರೆಸಿಕೊಳ್ಳುತ್ತಾ ಹೊರಬಂದು, ಅದನ್ನು ಮಡಿಚಿ ಬ್ಯಾಗಿಗೆ ಹಾಕಿದರು.

"ಏನು ಕೇಳಿದೆ ಅಮ್ಮಾ?"

"ಅದು ನಂಗೂ ಅವರಿಗೂ ಮಧ್ಯದ ಮಾತು," ಎಂದರು.

ನನ್ನ ಸರದಿ. ಅಲಿಡಾಳಿಗೆ ಹೊರಗೇ ಇರು ಎಂದೆ. ಇಮ್ಮಾ ಅಜ್ಜಿ ಸ್ಟೂಲು ಎತ್ತಿಕೊಂಡು ತಾವಾಗಿಯೇ ಆಚೆಗೆ ಹೋದರು. ಅವರು ಹೀಗೆ ಜಾಗ ಬಿಟ್ಟಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅಮ್ಮನ ಪೆಟ್ಟಿಗೆಯ ಮುಂದೆ ಮಂಡಿಯೂರಿದೆ. ಹನ್ನೊಂದು ತಿಂಗಳ ಮೇಲೆ ಮೊದಲ ಸಲ ಆ ತಲೆಯ ಮೇಲೆ ಅಂಗೈ ಇಟ್ಟೆ.

"ದೊನ್ ಪ್ಲಾಚಿದೊ, ನಾನು ನುನ್ಸಿಯಾಳ ಮಗ. ಗೊತ್ತಲ್ಲ, ನಿಮ್ಮ ಕಪ್ಪು ಬಚ್ಚಿಡ್ತಿದ್ದವನು. ನಿಮ್ಮನ್ನ ನೋಡ್ಕೋ ಅಂತ ಅಮ್ಮ ಹೇಳಿ ಹೋದ್ಲು. ನಾನು ನೋಡ್ಕೊಳ್ಳಲಿಲ್ಲ. ಧೂಳು ಒರೆಸಿದ್ರೆ ಅವಳು ಸತ್ತಿದ್ದು ನಿಜ ಆಗಿಬಿಡುತ್ತೆ ಅನ್ನಿಸ್ತಿತ್ತು. ತಪ್ಪು ನಂದು. ಇನ್ಮೇಲೆ ಪ್ರತಿ ಸೋಮವಾರ ಬರ್ತೀನಿ, ಸಾಯೋವರ್ಗೂ ಬರ್ತೀನಿ. ಆದ್ರೆ ಅಲಿಡಾನ ಬಿಟ್ಬಿಡಿ. ನಿಮಗೆ ನನ್ನಮ್ಮ ಮೂವತ್ತು ವರ್ಷ ಸಿಕ್ಕಿದಾಳೆ, ನನಗೆ ಇವಳ ಜೊತೆ ಒಂದು ವಾರ ಸಿಕ್ಕಿದೆ. ಅಲಿಡಾ ಹೋದ್ರೆ ನಾನು ಈ ಗವೀಲಿರೋ ಇವರ ಹಾಗೇ ಆಗ್ತೀನಿ. ಅವಳು ಇಲ್ಲೇ ಇರ್ಲಿ. ನನ್ನ ಜೊತೆ ಇರ್ಲಿ. ಬೇರೇನೂ ಕೇಳಲ್ಲ."

ಕಾದೆ. ಅಂಗೈ ಕೆಳಗಿನ ಮೂಳೆ ತಣ್ಣಗಿತ್ತು. ಹಪ್ಪಳದಷ್ಟು ಒಣಗಿತ್ತು. ಇನ್ನೂ ಕಾದೆ. ಒಂದು ಹನಿಯೂ ಇಲ್ಲ.

"ಏನಂದ್ರು?"

ಅಲಿಡಾ ನನ್ನ ಹಿಂದೆಯೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು ಎನ್ನುವುದಕ್ಕೆ ಅವಳ ಕಣ್ಣೇ ಸಾಕ್ಷಿ. ಪಕ್ಕದಲ್ಲಿ ಮಂಡಿಯೂರಿ, ನನ್ನ ಕೈ ಪಕ್ಕ ತನ್ನ ಕೈಯನ್ನೂ ಇಟ್ಟಳು.

"ಇಲ್ಲ ಅಂದ," ಎಂದೆ.

ಅವಳು ತಲೆ ವಾಲಿಸಿ ಕಿವಿಗೊಟ್ಟಳು. ಉಗುರಿನಿಂದ ಪೆಟ್ಟಿಗೆಯ ಅಂಚನ್ನು ಮೆಲ್ಲಗೆ ತಟ್ಟಿದಳು. ಮುಖ ಬಿಳಿಚಿತು.

"ಇಲ್ಲ ಅಂದಿಲ್ಲ ಅನಿಯೆಲ್ಲೊ. ಇದು ಖಾಲಿ. ಹೋದ ವಾರ ಹೀಗಿರಲಿಲ್ಲ, ಇಲ್ಲಿ ಏನೋ ಗುನುಗ್ತಿತ್ತು. ಈಗ ಇಲ್ಲಿ ಯಾರೂ ಇಲ್ಲ."

ಇಲ್ಲಿಲ್ಲದಿದ್ದರೆ ಅವನು ಎಲ್ಲಿದ್ದಾನೆ ಎಂದು ಇಬ್ಬರೂ ಕೇಳಲಿಲ್ಲ. ಅವಳು ನನ್ನ ಕೈಹಿಡಿದು ಎಬ್ಬಿಸಿದಳು. ಹಾಗೆ ಹಿಡಿದುಕೊಂಡೇ ಬೆಳಕಿಗೆ ಬಂದೆವು.

"ನೀವು ಹೇಳಿಬಿಟ್ರಿ," ಎಂದಳು ಬಾಗಿಲಲ್ಲಿ. ಕಣ್ಣು ತುಂಬಿತ್ತು. "ಬೇಡ ಅಂದಿದ್ದೆ. ಈಗ ನಾನೇನು ಮಾಡ್ಲಿ? ನಂಗೂ ಹಾಗೇ ಇದೆ. ಆದ್ರೆ ಅಮ್ಮನ್ನ ಆ ಮೆಟ್ಟಿಲ ಮೇಲೆ ಕೂರ್ಸಿ ನಾನು ಇಲ್ಲಿ ಸುಖವಾಗಿರ್ಲಾ?"

ಇಲ್ಲೇ ಇರು ಎನ್ನುವ ಧೈರ್ಯ ನನಗೆ ಬರಲಿಲ್ಲ.

* * *

ಟ್ರೈನು ಒಂದೂವರೆಗೆ. ಪ್ಲಾಟ್‌ಫಾರ್ಮಿನಲ್ಲಿ ನಾನು ಸೂಟ್‌ಕೇಸ್ ಹಿಡಿದು ನಡೆದೆ. ಅಲಿಡಾ ನನ್ನ ಪಕ್ಕ ನಡೆದಳು. ಇಬ್ಬರೂ ನೆಲ ನೋಡುತ್ತಿದ್ದೆವು. ಫುಲ್ವಿಯಾ ಮುಂದೆ, ಎಡಗೈಯನ್ನು ಮೈಯಿಂದ ಸ್ವಲ್ಪ ದೂರ ಮಡಿಸಿಕೊಂಡು, ಯಾರದೋ ತೋಳು ಹಿಡಿದವರಂತೆ ನಡೆಯುತ್ತಿದ್ದರು. ಅವರ ಬೆನ್ನು ಆ ಒಂದು ವಾರದಲ್ಲಿ ಇನ್ನೂ ನೆಟ್ಟಗಾಗಿತ್ತು.

ಸೂಟ್‌ಕೇಸ್ ಮೇಲೇರಿಸಿ ಇಳಿದೆ. ಅಲಿಡಾ ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದಳು. ಫುಲ್ವಿಯಾ ಅವಳ ಹಿಂದೆ ಬಂದು, ಬ್ಯಾಗಿನಿಂದ ಕರ್ಚೀಫು ತೆಗೆದು ಅವಳ ಕೈಗಿಟ್ಟರು.

"ಹಿಡ್ಕೋ."

"ಒದ್ದೆ ಇದೆ."

"ಬೆಳಿಗ್ಗೆ ಹತ್ತು ಗಂಟೆಗೆ ಒರೆಸಿದ್ದು. ಇನ್ನೂ ಒಣಗಿಲ್ಲ. ನಾನು ಕೈಯಿಟ್ಟಾಗ ಬೆವರು ಧಾರಾಕಾರ ಇಳೀತು ಕಣೇ."

ಅಲಿಡಾ ಕರ್ಚೀಫನ್ನೂ ತಾಯಿಯನ್ನೂ ನೋಡಿದಳು. "ನನ್ನ ಮದುವೆ ಕೇಳಿದ್ಯಾ?"

"ನಿನ್ನ ಮದುವೆಗೆ ಸತ್ತೋರ ಶಿಫಾರಸು ಯಾಕೆ? ಇವರು ದಿನಾ ಶೇವ್ ಮಾಡ್ಕೊಂಡು ಬರೋದನ್ನ ನಾನು ನೋಡಿಲ್ವಾ?" ಫುಲ್ವಿಯಾ ನನ್ನ ಕಡೆ ಕಣ್ಣು ಹಾಯಿಸಿದರು. ಆಮೇಲೆ ದನಿ ತಗ್ಗಿತು. "ನಂಗೋಸ್ಕರ ಕೇಳ್ದೆ. ನನ್ನ ಮಗಳು ಹೋಗ್ಬೇಕು, ನಾನು ಅವಳನ್ನ ಕಳಿಸ್ಬೇಕು, ಆದ್ರೆ ಆ ಮನೆಗೆ ಒಬ್ಬಳೇ ಕಾಲಿಡಕ್ಕೆ ನಂಗೆ ಭಯ. ಯಾರಾದ್ರೂ ಜೊತೆಗಿರಿ ಅಂದೆ. ಅಷ್ಟೇ ಅಂದಿದ್ದು."

"ಅಮ್ಮಾ, ನನ್ನ ಇಳಿಸಕ್ಕೆ ಸುಳ್ಳು ಹೇಳ್ತಿದೀಯಾ."

"ಸುಳ್ಳು ಅಂತಾನೇ ಇಟ್ಕೋ. ಭಾನುವಾರ ಇವರ ಅಡುಗೆಮನೇಲಿ ಯಾರೂ ಮಾತಾಡದೇ ಕೂತಿದ್ವಲ್ಲ, ನಾನು ರೇಡಿಯೋ ಹಾಕಿ ಅಂದ್ನಾ? ನೀನು ಎರಡು ವರ್ಷ ನನ್ನ ರೇಡಿಯೋ ಆಗಿದ್ದೆ. ಸಾಕು, ಇಳಿ."

ಸೀಟಿ ಕೇಳಿಸಿತು. ಅಲಿಡಾ ತಾಯಿಯನ್ನು ತಬ್ಬಿಕೊಂಡಳು. ಎಷ್ಟು ಹೊತ್ತೆಂದರೆ ಟ್ರೈನಿನವನು ಗಂಟಲು ಸರಿಮಾಡಿಕೊಂಡ. ಆಮೇಲೆ ಅವಳು ಇಳಿದಳು. ಒಂದೇ ಮೆಟ್ಟಿಲು. ಬಾಗಿಲು ಮುಚ್ಚಿತು. ಗಾಜಿನ ಹಿಂದೆ ಫುಲ್ವಿಯಾ ಕೈ ಬೀಸಿ, ಯಾರಿಗೋ ದಾರಿ ಬಿಡುವವರಂತೆ ಪಕ್ಕಕ್ಕೆ ಸರಿದು, ಒಳಗೆ ಹೋದರು.

ಅಲಿಡಾ ನನ್ನ ಎದೆಗೆ ಹಣೆ ಒತ್ತಿ ಅತ್ತಳು. ನನ್ನ ಕೋಟಿನ ಗುಂಡಿಗಳ ನಡುವೆ ಒದ್ದೆಯಾಯಿತು. ಅಳು ನಿಂತ ಮೇಲೂ ಅಲ್ಲೇ ಇದ್ದು, ಬೆರಳಿನಿಂದ ಗುಂಡಿಯನ್ನು ಎರಡು ಸಲ ತಟ್ಟಿ ಕಿವಿಗೊಟ್ಟಳು.

"ಇನ್ನೂ ಒಡೆದೇ ಇದ್ಯಾ?" ಎಂದೆ.

"ಸುಮ್ನಿರಿ, ಕೇಳಿಸ್ಕೊಳ್ತಿದೀನಿ."

* * *

ಮಿಮ್ಮೊನ ಬಾರಿನಲ್ಲಿ ಕೂತೆವು. ಅವನು ಟ್ರೇ ತಂದು ಕಪ್ಪು ಇಟ್ಟ. ಒಂದು, ಎರಡು. ನಾನು ಅವನ ಮುಖ ನೋಡಿದೆ. ಅವನು ಬಾಗಿಲ ಕಡೆ ಒಮ್ಮೆ ನೋಡಿ, ಟ್ರೇ ಕಂಕುಳಲ್ಲಿಟ್ಟುಕೊಂಡು ಹೋದ.

ಅಲಿಡಾಳ ಫೋನು ಹೊಡೆದುಕೊಂಡಿತು. ಅವಳು ಅದನ್ನು ಸ್ಪೀಕರಿಗೆ ಹಾಕಿ ನಮ್ಮಿಬ್ಬರ ನಡುವೆ ಮೇಜಿನ ಮೇಲಿಟ್ಟಳು.

"ರೋಮ್ ದಾಟಿತು," ಎಂದರು ಫುಲ್ವಿಯಾ. ಹಿಂದೆ ಚಕ್ರದ ಸದ್ದು. "ಕಾಫಿ ಗಾಡಿ ತಳ್ಕೊಂಡು ಒಬ್ಬಳು ಬಂದಿದ್ಲು. ನನ್ನ ಮುಂದೆ ಎರಡು ಕಪ್ಪು ಇಟ್ಲು. ನಾನು ಕೇಳಿದ್ದು ಒಂದೇ ಅಲ್ವಾ ಅಂದೆ. ಅವರು ಕೇಳಿದ್ರಲ್ಲ ಅಂದ್ಲು."

ಅಲಿಡಾ ನನ್ನ ಕೈ ಹುಡುಕಿದಳು. "ಅಮ್ಮಾ. ಭಯ ಆಗ್ತಿದ್ಯಾ?"

ಆ ಕಡೆ ಯಾರೋ ಕಪ್ಪನ್ನು ಸಾಸರಿನ ಮೇಲಿಟ್ಟ ಸಣ್ಣ ಸದ್ದು. ಆಮೇಲೆ ಇನ್ನೊಂದು ಕಪ್ಪು, ಇನ್ನೊಂದು ಸಾಸರು.

"ಇಲ್ಲ ಕಣೇ," ಎಂದರು ಫುಲ್ವಿಯಾ. "ಕಿಟಕಿ ಸೀಟು ಬಿಟ್ಕೊಡಬೇಕಾಯ್ತು, ಅಷ್ಟೇ."

ಫೋನು ಕಟ್ಟಾಯಿತು. ಅಲಿಡಾ ತನ್ನ ಕಪ್ಪನ್ನು ಎಳೆದು ನನ್ನ ಕಪ್ಪಿನ ಪಕ್ಕಕ್ಕೆ ಇಟ್ಟಳು.